ನೀಲಿ ಕಂಪನಿ, ಗುಲಾಬಿ ಕಂಪನಿ, ನಮ್ಮ ಸಂಡಾಸ

ದೊಡ್ಡ ಕಂಪನಿಗಳು ಇಡೀ ದೇಶಕ್ಕೆ ಕೇಳುವಂತೆ ಜಗಳಾಡುತ್ತವೆ. ಪರಿಣಾಮ ಮಾತ್ರ ಗೋವಾದ ವಾಸ್ಕೋದ ಯಾವುದೋ ಓಣಿಗೆ ಬಂದು ನಿಲ್ಲುತ್ತದೆ. ನಾನು ಆ ಓಣಿಯಲ್ಲಿ ಕೆಲಸ ಮಾಡುವುದರಿಂದ ಇಂಥವನ್ನು ನೋಡುವ ಯೋಗ ತಪ್ಪಿದ್ದಲ್ಲ.

ಓದಿದ್ದು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡುವ ಕೆಲಸ, ಮೀನು, ಕಿರಾಣಿ, ಔಷಧಿ ಮನೆಗೆ ಮುಟ್ಟಿಸುವ ಸಣ್ಣ ಆ್ಯಪ್ ಕಂಪನಿಯಲ್ಲಿ ಆರ್ಡರ್ ಹಂಚುವುದು. ಎರಡಕ್ಕೂ ಏನು ಸಂಬಂಧ ಎಂದು ಇದುವರೆಗೆ ಯಾರೂ ಕೇಳಿಲ್ಲ. ನಮ್ಮ ರೈಡರ್‌ಗಳು ಬಹುತೇಕ ಇದೇ ಊರಿನ ಮಂಗೋರ್ ಹಿಲ್‌ನವರು. ಮೂಲ ವಿಜಯಪುರ, ಬಾಗಲಕೋಟೆ ಕಡೆ. ಆಫೀಸಿನ ಕೆಳಗೆ ಅವರಿಗೊಂದು ಕೋಣೆ ಇದೆ, ಕೋಣೆಯ ಹಿಂದೆ ಒಂದು ಸಂಡಾಸ; ಕೋಣೆ ದಾಟಿಯೇ ಅಲ್ಲಿಗೆ ಹೋಗಬೇಕು. ದಿನವಿಡೀ ಬೈಕಿನ ಮೇಲಿರುವವರಿಗೆ ಅದೊಂದೇ ಗತಿ. ನಮ್ಮ ಏಕೈಕ ಮಹಿಳಾ ರೈಡರ್‌ಗಂತೂ (ಎಲ್ಲರೂ ಅವರಿಗೆ ಅಕ್ಕ ಅನ್ನುತ್ತಾರೆ) ಅದಿಲ್ಲದಿದ್ದರೆ ಈ ಕೆಲಸವೇ ಇಲ್ಲ.

ಇಂಥ ನಮ್ಮನ್ನು ಕೊಳ್ಳಲು ದೇಶದ ಎರಡು ದೊಡ್ಡ ಕಂಪನಿಗಳು ಹಟಕ್ಕೆ ಬಿದ್ದವು. ಒಂದರ ಬಣ್ಣ ನೀಲಿ, ಇನ್ನೊಂದರದು ಗುಲಾಬಿ. ಯಾರು ಕೊಂಡರೂ ರೈಡರ್‌ಗಳ ಕೋಣೆ ಮುಚ್ಚುತ್ತಾರೆ ಎಂಬ ಸುದ್ದಿ ಹಬ್ಬಿತು. ಅಕ್ಕ ಅಂದರು, "ಯಾವನರೆ ಕೊಳ್ಳಲಿ. ಸಂಡಾಸಕ್ಕ ಕೀಲಿ ಹಾಕಾಕ ಬಂದ್ರ ನಾನು ಬಿಡೂದಿಲ್ಲ."

ಅಂಗಿ

ಒಂದೇ ದಿನ ಇಬ್ಬರೂ ನಮ್ಮನ್ನು ಕೊಂಡುಬಿಟ್ಟೆವೆಂದು ಘೋಷಿಸಿದರು. ಇಂಟರ್‌ನೆಟ್ಟಿನಲ್ಲಿ ಮಾಲೀಕರಿಬ್ಬರೂ ಒಬ್ಬರನ್ನೊಬ್ಬರು ಸುಳ್ಳುಗಾರ ಎಂದು ಜರಿದರು. ಈ ವಿಷಯದಲ್ಲಿ ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಬೆನ್ನಲ್ಲೇ ಎರಡೂ ಕಡೆಯಿಂದ ರೈಡರ್‌ಗಳಿಗೆ ಅಂಗಿಗಳು ಬಂದವು.

ರೈಡರ್‌ಗಳಲ್ಲಿ ಹಿರಿಯರಾದ ಚಾಚಾ ನೀಲಿ ಅಂಗಿ ತೊಟ್ಟು, ಅದರ ಮೇಲೆ ಗುಲಾಬಿ ತೊಟ್ಟರು. ದೊಡ್ಡ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ವಾಚ್‌ಮನ್ ತಡೆದ. ಅವನೂ ವಿಜಯಪುರದ ಕಡೆಯವನೇ.

"ಚಾಚಾ, ಖರೇ ಹೇಳ್ರಿ, ನೀವು ಯಾವ ಕಂಪನಿಯವ್ರು?"

"ಮ್ಯಾಲಿನ ಅಂಗಿ ಅವರ್ದು, ಒಳಗಿಂದು ಇವರ್ದು, ಮೈ ನಂದು. ಮೀನ ಮಾತ್ರ ನಿಮ್ಮ ಮೂರನೇ ಮಾಳಗಿ ಮ್ಯಾಡಮ್‌ದು. ಅದು ವಾಸನಿ ಹೊಡ್ಯೂಕಿಂತ ಮೊದ್ಲ ಒಳಗ ಬಿಡೋ ಮಾರಾಯಾ."

ಕಾರಣ ಆರಿಸಿ

ನೀಲಿಯವರು ತಮ್ಮ ಆ್ಯಪನ್ನು ನಮ್ಮಲ್ಲಿ ಪ್ರಯೋಗಕ್ಕೆ ಬಿಟ್ಟರು. ಬಹಳ ಬುದ್ಧಿವಂತ ಆ್ಯಪ್. ಗಾಡಿ ನಿಂತರೆ ಸಾಕು, ಯಾಕೆ ನಿಂತಿರಿ ಎಂದು ಕೇಳುತ್ತಿತ್ತು. ಉತ್ತರಗಳನ್ನೂ ಅದೇ ಕೊಡುತ್ತಿತ್ತು: ಪಂಕ್ಚರ್, ಟ್ರಾಫಿಕ್, ಗಿರಾಕಿ ಮನೆಯಲ್ಲಿಲ್ಲ, ಜಾನುವಾರು ಅಡ್ಡ ಬಂತು.

ಅಕ್ಕ ಫೋನು ತಂದು ತೋರಿಸಿದರು. "ಸರ್ರ, ಇದರಾಗ ನನ್ನ ಕಾರಣಾನ ಇಲ್ಲಲ್ರಿ. ಇವರ ಮನ್ಯಾಗ ಯಾರೂ ಸಂಡಾಸಕ್ಕ ಹೋಗೂದಿಲ್ಲೇನು?"

"ಯಾವುದಾದರೂ ಒಂದು ಒತ್ತಿ," ಅಂದೆ.

ಅಕ್ಕ ಜಾನುವಾರು ಒತ್ತಿದರು. ನೋಡಿ ಉಳಿದವರೂ ಅದನ್ನೇ ಒತ್ತತೊಡಗಿದರು.

ಸ್ವಲ್ಪ ದಿನಕ್ಕೆ ನೀಲಿ ಮಾಲೀಕರು, ವಾಸ್ಕೋದಲ್ಲಿ ಬೀಡಾಡಿ ದನಗಳ ಹಾವಳಿ ಮಿತಿಮೀರಿದೆ, ಗುಲಾಬಿಯವರಿಗೆ ಇದರ ಅರಿವೇ ಇಲ್ಲ ಎಂದು ಲೋಕಕ್ಕೆಲ್ಲ ಸಾರಿದರು. ದನಗಳನ್ನು ಗುರುತಿಸುವ ತಂತ್ರಜ್ಞಾನ ನಮ್ಮಲ್ಲಿ ಆಗಲೇ ಇದೆ ಎಂದು ಗುಲಾಬಿಯವರು ತಿರುಗೇಟು ಕೊಟ್ಟರು. ಟಿವಿಯಲ್ಲಿ ತಜ್ಞರು ಕೂತು ಚರ್ಚಿಸಿದರು.

ಅಕ್ಕ ಅದನ್ನು ನೋಡಿ ನನ್ನ ಕಡೆ ತಿರುಗಿದರು. "ಸರ್ರ, ಆ ದನಾ ನಾನ ಅಂತ ಫೋನ್ ಮಾಡಿ ಹೇಳ್ಲೇನ್ರಿ?"

ಚಿಲಕ

ರೈಡರ್‌ಗಳ ಮೇಲೆ ಯಾರಿಗೆ ಹೆಚ್ಚು ಪ್ರೀತಿ ಎಂಬುದು ಮುಂದಿನ ಜಗಳ. ಗುಲಾಬಿಯವರು ಕ್ಯಾಮರಾ ಸಮೇತ ಬಂದರು. ಸಂಡಾಸದ ಸೋರುವ ನಳ ಬದಲಿಸಿ, ಅದರ ಪಕ್ಕದಲ್ಲಿ ನಿಂತು ಭಾಷಣ ಮಾಡಿದರು. ಇದು ಗೊತ್ತಾಗಿ ನೀಲಿಯವರು ಓಡಿಬಂದರು.

"ನಾವೇನು ಮಾಡಿಸಿಕೊಡಬೇಕು?"

"ಬಾಗಲಕ್ಕ ಚಿಲಕ ಇಲ್ರಿ," ಅಂದರು ಅಕ್ಕ. "ಒಳಗ ಹೋದಾವ್ರು ಹಾಡ್ಕೋತ ಕುಂದ್ರಬೇಕು."

ಚಿಲಕ ಬಂತು. ಆಮೇಲೆ ಕ್ಯಾಮರಾದವನು, ಚಿಲಕ ಹಿಡಿದುಕೊಂಡು ಸ್ವಲ್ಪ ಸಂತೋಷದಿಂದ ನಗಿ ಅಂದ.

"ಒಳಗ ಹೋಗಿ, ಚಿಲಕ ಹಾಕ್ಕೊಂಡು ನಗ್ತೀನ್ರಿ," ಅಂದರು ಅಕ್ಕ. "ಹೊರಗಿಂದ ತಗೀರಿ ನಿಮ್ಮ ವಿಡಿಯೊ."

ಸೀಲು

ಜಗಳ ಇನ್ನೊಂದಿಷ್ಟು ನಡೆದಿದ್ದರೆ ಸಂಡಾಸಕ್ಕೆ ಟೈಲ್ಸೂ ಆಗುತ್ತಿತ್ತು. ಅಷ್ಟರಲ್ಲಿ ನೀಲಿ ಮತ್ತು ಗುಲಾಬಿ ಒಂದೇ ಕಂಪನಿಯಾದವು. ಸುಳ್ಳುಗಾರರಿಬ್ಬರೂ ಅಪ್ಪಿಕೊಂಡ ಫೋಟೊ ಬಂತು. ಕಾಯಿಪಲ್ಲೆಯ ಜೊತೆ ಕೊಸರು ಹಾಕುವ ಹಾಗೆ ನಮ್ಮನ್ನೂ ಚೀಲಕ್ಕೆ ಹಾಕಿಕೊಂಡರು. ಮೊದಲ ಆದೇಶ: ರೈಡರ್‌ಗಳ ಕೋಣೆ ಬಂದ್.

ಮುಚ್ಚಲು ಅಧಿಕಾರಿಯೊಬ್ಬ ವಿಮಾನದಲ್ಲಿ ಬಂದ. ವಾಸ್ಕೋದ ಸೆಕೆ ತಡೆಯಲಾರದೆ ಎಳನೀರಿನ ಮೇಲೆ ಎಳನೀರು ಕುಡಿದ. ಕೋಣೆಗೆ ಕೀಲಿ ಹಾಕಿ, ನೀಲಿ-ಗುಲಾಬಿ ಬಣ್ಣದ ಸೀಲು ಅಂಟಿಸಿ, ಎರಡೂ ಕಡೆಯ ಒಪ್ಪಿಗೆ ಇಲ್ಲದೆ ಇದನ್ನು ಯಾರೂ ಒಡೆಯುವಂತಿಲ್ಲ ಎಂದು ಹಿಂದಿಯಲ್ಲಿ ಗದರಿದ.

"ಆತ್ರಿ," ಅಂದರು ಅಕ್ಕ. ಆ್ಯಪ್ ಬಂದ್ ಮಾಡಿ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಚಾಚಾ ಪಕ್ಕದಲ್ಲಿ ಕೂತರು. ನೋಡನೋಡುತ್ತ ಎಲ್ಲ ರೈಡರ್‌ಗಳೂ ಕೂತರು. ವಾಸ್ಕೋದಲ್ಲಿ ಅಂದು ಮಧ್ಯಾಹ್ನ ಮೀನು ಎಲ್ಲಿತ್ತೋ ಅಲ್ಲೇ ಉಳಿಯಿತು. ಕೆಲಸದಿಂದ ತೆಗೆಯುತ್ತೇನೆ ಎಂದು ಅಧಿಕಾರಿ ಹೆದರಿಸಿದ.

"ತಗೀರಿ," ಅಂದರು ಅಕ್ಕ. "ತಗದ ಮ್ಯಾಲೂ ಇಲ್ಲೇ ಕುಂದ್ರತೀವಿ."

ಸ್ವಲ್ಪ ಹೊತ್ತಿಗೆ ಅಧಿಕಾರಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸತೊಡಗಿದ. ಎಳನೀರು ತನ್ನ ಕೆಲಸ ಶುರು ಮಾಡಿತ್ತು. ಮೇಲಿನ ನಮ್ಮ ಆಫೀಸಿನವರೂ ಇಳಿದು ಬರುವುದು ಇದೇ ಸಂಡಾಸಕ್ಕೆ. ಅವನು ಓಣಿಯ ಹೋಟೆಲ್ಲಿಗೆ ಓಡಿದ, ಶಟರ್ ಇಳಿದಿತ್ತು. ಬಾರಿಗೆ ಓಡಿದ, ಅದೂ ಬಂದ್. ಗೋವಾದಲ್ಲಿ ಊಟವಾದ ಮೇಲೆ ಅಂಗಡಿಯವರು ಮಲಗುತ್ತಾರೆ, ಯಾವ ಕಂಪನಿಯೂ ಅವರನ್ನು ಎಬ್ಬಿಸಲಾರದು.

ಬೆವರೊರೆಸಿಕೊಳ್ಳುತ್ತ ವಾಪಸು ಬಂದ. "ಸ್ವಲ್ಪ ಸರಿಯಿರಿ."

"ಒಳಗ ಏನ್ ಕೆಲಸ ಐತ್ರಿ?"

"ತಪಾಸಣೆ."

ಅಕ್ಕ ಎದ್ದು ದಾರಿ ಬಿಟ್ಟರು. ಅಧಿಕಾರಿ ತಾನು ಅಂಟಿಸಿದ ಸೀಲನ್ನು ತಾನೇ ಕಿತ್ತು, ಕೀಲಿ ತೆಗೆದು ಒಳಗೆ ಓಡಿದ. ರೈಡರ್‌ಗಳೆಲ್ಲ ನಿಂತು ಫೋನಿನಲ್ಲಿ ಅದರ ವಿಡಿಯೊ ತೆಗೆದರು.

ಹೊರಗೆ ಬಂದವನು ಆ ಫೋನುಗಳನ್ನು ನೋಡಿದ, ಹರಿದ ಸೀಲನ್ನು ನೋಡಿದ. ಆಮೇಲೆ ಕೇಂದ್ರ ಕಚೇರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ, ಗಂಭೀರ ಇಂಗ್ಲಿಷಿನಲ್ಲಿ ವರದಿ ಕೊಟ್ಟ:

"ಹೌದು ಸರ್, ಖುದ್ದಾಗಿ ಪರಿಶೀಲಿಸಿದೆ. ಈ ಸೌಲಭ್ಯ ಅತ್ಯಗತ್ಯ."