ಬೋರ್ಡಿನ ಮೇಲಿನ ಮ್ಯಾನೇಜರ್

ಪುಣೆಯ ಭೋಸರಿಯಲ್ಲಿ ಮೋಟಾರಿನ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಹದಿನೇಳು ವರ್ಷ ಆರೋಪಿಯಾಗಿ ಕೆಲಸ ಮಾಡಿದೆ. ಜೊತೆಗೆ ಹಾಜರಿಯನ್ನೂ ಬರೆಯುತ್ತಿದ್ದೆ. ನನ್ನಂಥ ಸಪ್ಪೆ ಮನುಷ್ಯನಿಗೇ ಇಂಥ ಕೇಸುಗಳು ಯಾಕೆ ಗಂಟುಬೀಳುತ್ತವೋ ತಿಳಿಯದು. ಒಂದು ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

೧. ಪೇಂಟರ್ ಬಂದ ದಿನ

ಧಾರವಾಡದಿಂದ ಬಂದು ಟೈಮ್ ಆಫೀಸಿನಲ್ಲಿ ಕಾರಕೂನನಾಗಿ ಸೇರಿ ಆರು ವರ್ಷವಾಗಿತ್ತು. ಎಪ್ಪತ್ತರ ದಶಕದ ನಡುಭಾಗ. ಒಂದು ದಿನ ಮಾಲಕರು ನನ್ನನ್ನು ಕರೆಸಿದರು. ಅವರನ್ನು ನಾವೆಲ್ಲ ದೊಡ್ಡ ಸಾಹೇಬರು ಅನ್ನುತ್ತಿದ್ದೆವು. ಕುರ್ಚಿ ತೋರಿಸಿ ಕೂಡಿಸಿದರು, ಬಸಿಯ ಸಮೇತ ಕಪ್ಪಿನಲ್ಲಿ ಚಹಾ ತರಿಸಿದರು. ಆರು ವರ್ಷದಲ್ಲಿ ಅವರು ನನಗೆ ಕೂಡು ಅಂದದ್ದು ಅದೇ ಮೊದಲು. ಆಗಲೇ ಎದ್ದು ಓಡಬೇಕಿತ್ತು. ಚಹಾ ಚೆನ್ನಾಗಿತ್ತು, ಕುಡಿದೆ, ತೋರಿಸಿದಲ್ಲಿ ಸಹಿ ಹಾಕಿದೆ.

ಎರಡು ದಿನ ಬಿಟ್ಟು ಪೇಂಟರ್ ಬಂದು, ಗೇಟಿನ ಪಕ್ಕದ ಬೋರ್ಡಿನಲ್ಲಿ ‘ಮ್ಯಾನೇಜರ್’ ಅನ್ನುವುದರ ಮುಂದೆ ನನ್ನ ಹೆಸರು ಬರೆದು ಹೋದ. ಹೆಂಡತಿ ಬಂದು ನೋಡಿ ಬೋರ್ಡಿಗೆ ಕುಂಕುಮ ಹಚ್ಚಿದಳು, ನಾವಿದ್ದ ವಾಡೆಯ ಎಲ್ಲ ಮನೆಗೂ ಪೇಢೆ ಹಂಚಿದಳು. ಮರುದಿನ ನಾನು ತುಸು ಎದೆ ಮುಂದೆ ಮಾಡಿ, ಚಹಾಕ್ಕೆ ಸಕ್ಕರೆ ಕಡಿಮೆ ಹಾಕು ಎಂದು ಕ್ಯಾಂಟೀನಿನವನಿಗೆ ಅಪ್ಪಣೆ ಕೊಟ್ಟೆ. ವರ್ಕ್ಸ್ ಮ್ಯಾನೇಜರರನ್ನು ಕೇಳಿ ಹೇಳುತ್ತೇನೆ ಅಂದ. ಕಾರ್ಖಾನೆ ನಡೆಸುತ್ತಿದ್ದ ಎಂಜಿನಿಯರ್ ಅವರೇ. ಅವರು ಅಲ್ಲೇ ಇದ್ದರು, ಅವರ ಆಫೀಸ್ ಖೋಲಿಯೂ ಅವರದೇ ಇತ್ತು. ಹಾಗಾದರೆ ನಾನು ಯಾರು?

ಇದನ್ನು ಬಿಡಿಸಿ ಹೇಳಿದವರು ನಮ್ಮ ಮುದುಕ ಅಕೌಂಟೆಂಟರು. ಕಾರ್ಖಾನೆಯಲ್ಲಿ ಕಾನೂನು ಮುರಿದರೆ ಸರ್ಕಾರ ಕೇಸು ಹಾಕುತ್ತದೆ. ಕಂಪನಿ ಅಂದರೆ ತಗಡು, ಇಟ್ಟಿಗೆ. ಅದನ್ನು ಕಟಕಟೆಯಲ್ಲಿ ನಿಲ್ಲಿಸಲು ಬರುವುದಿಲ್ಲ. ಎರಡು ಕಾಲಿರುವ ಒಬ್ಬ ಬೇಕು. ದೊಡ್ಡ ಸಾಹೇಬರಿಗೆ ಬ್ಲಡ್ ಪ್ರೆಶರ್ ಇದೆ. ವರ್ಕ್ಸ್ ಮ್ಯಾನೇಜರಿಗೆ ಪ್ರೊಡಕ್ಷನ್ ಇದೆ. “ತುಮಾಲಾ ದೋನ್ಹೀ ನಾಹೀ” ಅಂದರು ಮರಾಠಿಯಲ್ಲಿ, ನಿಮಗೆ ಎರಡೂ ಇಲ್ಲ. ಹೀಗೆ ಬ್ಲಡ್ ಪ್ರೆಶರ್ ಇಲ್ಲದ ತಪ್ಪಿಗೆ ನನಗೆ ಬಡ್ತಿ ಸಿಕ್ಕಿತ್ತು.

೨. ಕಂಪನಿಯ ಕೋಟು

ಮೊದಲ ಕೇಸು ನೀರಿನ ನಲ್ಲಿಯದು. ಕುಡಿಯುವ ನೀರು ಮೂತ್ರಿಯಿಂದ ಇಷ್ಟು ದೂರ ಇರಬೇಕು ಅಂತ ಕಾನೂನಿದೆ. ನಮ್ಮಲ್ಲಿ ಎರಡೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ಸಮನ್ಸು ನನ್ನ ಹೆಸರಿಗೆ ಬಂತು.

ಕೋರ್ಟಿಗೆ ಹೋಗುವ ಮುಂಜಾನೆ ಅಕೌಂಟೆಂಟರು ಕಪಾಟಿನಿಂದ ಒಂದು ಕರಿ ಕೋಟು ತೆಗೆದುಕೊಟ್ಟರು. ಅದು ಕಂಪನಿಯ ಆಸ್ತಿ. ನನಗಿಂತ ಮುಂಚೆ ಬೋರ್ಡಿನ ಮೇಲಿದ್ದ, ಈಗ ನಿವೃತ್ತನಾದ ಸ್ಟೋರ್‌ಕೀಪರನ ಅಳತೆಗೆ ಹೊಲಿಸಿದ್ದು. ಆತ ಭಾರಿ ಆಳು. ಕೋಟಿನೊಳಗೆ ನಾನು ಹೋದ ಮೇಲೂ ಇನ್ನೊಬ್ಬರಿಗೆ ಜಾಗವಿತ್ತು. ಕಿಸೆಯಲ್ಲಿ ಆತನ ನಶ್ಯದ ಡಬ್ಬಿ ಹಾಗೇ ಇತ್ತು.

ಶಿವಾಜಿನಗರದ ಕೋರ್ಟಿನಲ್ಲಿ, ಏನು ಕೇಳಿದರೂ ತಪ್ಪು ಕಬೂಲ್ ಅನ್ನಬೇಕೆಂದು ವಕೀಲರು ಕಲಿಸಿಕೊಟ್ಟಿದ್ದರು. ಮ್ಯಾಜಿಸ್ಟ್ರೇಟರು ಹೆಸರು ಕೇಳಿದರು, ಕಬೂಲ್ ಅಂದೆ. ವಕೀಲರು ಕೆಮ್ಮಿದರು. ಮ್ಯಾಜಿಸ್ಟ್ರೇಟರು ಕನ್ನಡಕ ಸರಿಮಾಡಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ, ಈ ಕೋಟು ಮೂರನೇ ಸಲ ಬರುತ್ತಿದೆ, ಒಳಗಿನ ಮನುಷ್ಯ ಮಾತ್ರ ಹೊಸಬ ಎಂದು ಹೇಳಿ, ಬರೆದುಕೊಳ್ಳುತ್ತ ದಂಡ ಹಾಕಿದರು.

ನಗು ಬರುವಂಥದ್ದು ಅಷ್ಟೇ. ಹೊರಗೆ ಬೇವಿನ ಮರದ ಕೆಳಗೆ ವಕೀಲರು ಒಂದು ಮಾತು ಹೇಳಿದರು. ನಲ್ಲಿ, ನೀರು, ಗೋಡೆಯ ಸುಣ್ಣ ಇವೆಲ್ಲ ದಂಡದಲ್ಲಿ ಮುಗಿಯುತ್ತವೆ. ಯಂತ್ರದಲ್ಲಿ ಯಾರದಾದರೂ ಕೈ ಹೋದರೆ ಮುಗಿಯುವುದಿಲ್ಲ, ಜೈಲೂ ಆಗಬಹುದು. ಯಾರಿಗೆ ಎಂದು ಕೇಳಿದೆ. ಅವರು ಕೋಟಿನ ಕಡೆ ಕೈ ತೋರಿಸಿದರು.

೩. ಎರಡು ಸಲ ಗಂಟೆ

ಆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ ಎದ್ದೆ. ಆರು ವರ್ಷದಲ್ಲಿ ಮೊದಲ ಸಲ ನಾನೇ ಪ್ರೆಸ್ ಶಾಪಿನೊಳಗೆ ಹೋದೆ.

ನಮ್ಮಲ್ಲೊಂದು ದೊಡ್ಡ ಪವರ್ ಪ್ರೆಸ್ ಇತ್ತು. ತಗಡಿಗೆ ಒಂದೇ ಏಟಿಗೆ ಆಕಾರ ಕೊಡುವ ಯಂತ್ರ. ಕೈ ಒಳಗೆ ಹೋಗದಂತೆ ಅದಕ್ಕೆ ಕಬ್ಬಿಣದ ಜಾಳಿ ಇರಬೇಕು. ಜಾಳಿ ಹಾಕಿದರೆ ಕೆಲಸ ನಿಧಾನ. ಅದಕ್ಕೇ ನಮ್ಮ ಜಾಳಿ ಎಣ್ಣೆ ಬಟ್ಟೆ ಸುತ್ತಿಕೊಂಡು ಸ್ಟೋರಿನಲ್ಲಿ ಮಲಗಿರುತ್ತಿತ್ತು. ಇನ್ಸ್‌ಪೆಕ್ಟರರ ಸ್ಕೂಟರ್ ಕಂಡ ಕೂಡಲೇ ಗೇಟಿನ ವಾಚ್‌ಮನ್ ಎರಡು ಸಲ ಗಂಟೆ ಬಾರಿಸಬೇಕು. ಅವರು ಆಫೀಸಿನಲ್ಲಿ ಚಹಾ ಮುಗಿಸುವಷ್ಟರಲ್ಲಿ ಜಾಳಿ ಯಂತ್ರಕ್ಕೆ ಬಂದಿರಬೇಕು. ಅಪಘಾತ ತಡೆಯಲು ಕಂಪನಿ ಮಾಡಿಕೊಂಡ ಏರ್ಪಾಡು ಇಷ್ಟೇ. ಒಂದು ಸಲ ಇನ್ಸ್‌ಪೆಕ್ಟರರು, ನಿಮ್ಮಲ್ಲಿ ಎಲ್ಲವೂ ಜಿಡ್ಡು, ಈ ಜಾಳಿ ಮಾತ್ರ ಹೇಗೆ ಇಷ್ಟು ಥಳಥಳ ಅಂತ ಕೇಳಿದ್ದರು. ದಿನಾ ತಿಕ್ಕುತ್ತೇವೆ ಸಾಹೇಬರೇ ಅಂದಿದ್ದರು ನಮ್ಮ ವರ್ಕ್ಸ್ ಮ್ಯಾನೇಜರು.

ಗಂಟೆ ಬಾರಿಸುವ ಆ ವಾಚ್‌ಮನ್ ಸೊಲ್ಲಾಪುರದ ಕಡೆಯವನು, ಕನ್ನಡ ಮರಾಠಿ ಎರಡೂ ಬಲ್ಲವನು. ಅವನೂ ಮೊದಲು ಅದೇ ಪ್ರೆಸ್ಸಿನ ಮೇಲೆ ಇದ್ದವನೇ. ಬಲಗೈಯ ಎರಡು ಬೆರಳು ಅದಕ್ಕೆ ಕೊಟ್ಟ ಮೇಲೆ ಗೇಟಿಗೆ ಹಾಕಿದ್ದರು. ದಿನಾ ಮುಂಜಾನೆ ಉಳಿದ ಮೂರರಲ್ಲಿ ನನಗೆ ಸಲಾಮು ಹೊಡೆಯುತ್ತಿದ್ದ, ನಾನೂ ಹೊಡೆದು ಮುಂದೆ ಹೋಗುತ್ತಿದ್ದೆ, ಆ ಬೆರಳಿನ ಮಾತು ಒಂದು ಸಲವೂ ಕೇಳಿರಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಆ ದಿನ ಪ್ರೆಸ್ಸಿನ ಮುಂದೆ ಯಾದಗಿರಿ ಕಡೆಯ ಆಪರೇಟರ್ ಕೂತಿದ್ದ. ಇಪ್ಪತ್ತೆಂಟು ವರ್ಷದವನು, ಮಗಳು ಹುಟ್ಟಿ ತಿಂಗಳಾಗಿತ್ತು. ಕೈ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು, ಅದರ ಹಿಂದೆಯೇ ಪ್ರೆಸ್ಸು ಬೀಳುತ್ತಿತ್ತು. ನಾನು ಬೆವರುತ್ತ ನಿಂತಿದ್ದನ್ನು ಕಂಡು ಯಂತ್ರ ನಿಲ್ಲಿಸಿದ.

“ಯಾಕ್ರೀ ಸಾಹೇಬ್ರ, ಹಿಂಗ್ಯಾಕ ನೋಡ್ಲತ್ತೀರಿ?”

“ನಿನ್ನ ಕೈ ನೋಡಾಕತ್ತೀನಪಾ.”

ಅವನು ಕೈ ಒರೆಸಿಕೊಂಡು ಅಂಗೈ ಮುಂದೆ ಚಾಚಿ, ಮಗಳ ಕಾಲ್ಗುಣ ಹೆಂಗದ ಹೇಳ್ರಿ ಎಂದ. ಆ ಅಂಗೈಯಲ್ಲಿ ನನಗೆ ಕಂಡದ್ದು ನನ್ನ ಜೈಲು ಮಾತ್ರ.

೪. ಸೈಕಲ್ಲಿನ ಬೀಗ

ವಾರವೆಲ್ಲ ಜಾಳಿ ಹಾಕಿ, ಜಾಳಿ ಹಾಕಿ ಅಂತ ವರ್ಕ್ಸ್ ಮ್ಯಾನೇಜರರ ಬೆನ್ನು ಬಿದ್ದೆ. ಆಗುವುದಿಲ್ಲ, ಎಂಜಿನಿಯರಿಂಗ್ ನಿಮಗೆ ತಿಳಿಯುವುದಿಲ್ಲ ಅಂದರು. ಸೋಮವಾರ ಪಾಳಿ ಶುರುವಾಗುವ ಮುಂಚೆ ನನ್ನ ಸೈಕಲ್ಲಿನ ಸರಪಳಿ ಬೀಗ ತಂದು ಪ್ರೆಸ್ಸಿನ ಮೇನ್ ಸ್ವಿಚ್ಚಿಗೆ ಜಡಿದೆ. ಧೈರ್ಯವಲ್ಲ, ಬರೀ ಹೆದರಿಕೆ. ಹೆಂಡತಿಗೂ ಹೇಳಿರಲಿಲ್ಲ.

ಅರ್ಧ ತಾಸಿನಲ್ಲಿ ದೊಡ್ಡ ಸಾಹೇಬರ ಮುಂದೆ ನಿಂತಿದ್ದೆ. ಈ ಸಲ ಕುರ್ಚಿಯೂ ಇಲ್ಲ, ಚಹಾವೂ ಇಲ್ಲ. ಪಕ್ಕದಲ್ಲಿ ವರ್ಕ್ಸ್ ಮ್ಯಾನೇಜರು ಕೆಂಪಾಗಿ ಕೂತಿದ್ದರು. ಯಂತ್ರ ನಿಲ್ಲಿಸುವ ಅಧಿಕಾರ ನಿನಗೆ ಕೊಟ್ಟವರು ಯಾರು ಎಂದು ಸಾಹೇಬರು ಕೇಳಿದರು. ಕಿಟಕಿಯಿಂದ ಕಾಣುತ್ತಿದ್ದ ಬೋರ್ಡಿನ ಕಡೆ ಬೆರಳು ಮಾಡಿದೆ. ಅದು ಸರ್ಕಾರಕ್ಕೆ ತೋರಿಸಲು ಅಂದರು. ಬೀಗ ತೆಗೆ, ಇಲ್ಲವಾದರೆ ನಾಳೆಯಿಂದ ಬರಬೇಡ ಅಂದರು.

ಮನೆಯಲ್ಲಿ ಎರಡು ಮಕ್ಕಳಿದ್ದವು. ಆದರೂ ಆ ಗಳಿಗೆಯಲ್ಲಿ ಕಣ್ಣ ಮುಂದೆ ಬಂದದ್ದು ವಾಚ್‌ಮನ್ನನ ಮೂರು ಬೆರಳಿನ ಸಲಾಮು. ತೆಗೆಯುತ್ತೇನೆ, ಆದರೆ ಮೊದಲು ಪೇಂಟರನ್ನು ಕರೆಸಿ ಬೋರ್ಡಿನ ಮೇಲೆ ನನ್ನ ಹೆಸರು ಅಳಿಸಿ, ವರ್ಕ್ಸ್ ಮ್ಯಾನೇಜರ ಹೆಸರು ಬರೆಸಿ ಅಂದೆ. ಸಾಹೇಬರು ಹಾಗೇ ಆಗಲಿ ಎಂದು ಪೇಂಟರಿಗೆ ಹೇಳಿಕಳಿಸಲು ಗಂಟೆ ಒತ್ತಿದರು.

ವರ್ಕ್ಸ್ ಮ್ಯಾನೇಜರು ಕುರ್ಚಿಯಿಂದ ಎದ್ದೇಬಿಟ್ಟರು. ಪೇಂಟರ್ ಬೇಡ, ತುಸು ಬದಲು ಮಾಡಿದರೆ ಜಾಳಿ ಹಾಕಿಯೂ ವೇಗ ಉಳಿಯುತ್ತದೆ, ಈಗಷ್ಟೇ ಹೊಳೆಯಿತು ಅಂದರು. ಇಷ್ಟು ವರ್ಷ ಎಂಜಿನಿಯರಿಂಗಿನಲ್ಲಿ ಸಾಧ್ಯವಿಲ್ಲದ್ದು ಮರುದಿನ ಸಂಜೆಗೆ ಮುಗಿದಿತ್ತು. ನನ್ನ ನೌಕರಿಯೂ ಉಳಿಯಿತು. ಆ ಜಾಳಿ ಮತ್ತೆ ಸ್ಟೋರಿಗೆ ಹೋಗಲಿಲ್ಲ, ಒಂದೇ ವಾರದಲ್ಲಿ ಎಲ್ಲದರಂತೆ ಜಿಡ್ಡಾಯಿತು.

೫. ಗೇಟ್ ಪಾಸು

ಎಂಬತ್ತರ ದಶಕದ ಕೊನೆಗೆ ಕಾನೂನು ಬಿಗಿಯಾಯಿತು. ಕಾರ್ಖಾನೆ ಕಂಪನಿಯದಾದರೆ ಡೈರೆಕ್ಟರರಲ್ಲೇ ಒಬ್ಬರು ಮುಖ್ಯ ಹೊಣೆ ಹೊರಬೇಕು, ಯಾರೋ ಕಾರಕೂನನ ಹೆಗಲಿಗೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಡೈರೆಕ್ಟರರು ಇಬ್ಬರೇ, ದೊಡ್ಡ ಸಾಹೇಬರು ಮತ್ತು ಅವರ ತಮ್ಮ. ತಮ್ಮ ಅಣ್ಣನ ಹಿರಿತನ ಹೊಗಳಿದರು, ಅಣ್ಣ ತಮ್ಮನ ಚುರುಕು ಹೊಗಳಿದರು. ಅವರಲ್ಲಿ ಅಷ್ಟು ಪ್ರೀತಿಯನ್ನು ನಾವು ಕಂಡಿರಲಿಲ್ಲ. ಕೊನೆಗೆ ಅಣ್ಣನೇ ಸೋತರು. ಬೋರ್ಡಿನಲ್ಲಿ ನನ್ನ ಹೆಸರಿನ ಮೇಲಿನ ಸಾಲಿನಲ್ಲಿ ಅವರ ಹೆಸರು ಬಂತು. ಮರುದಿನ ದೊಡ್ಡ ಸಾಹೇಬರು ನಸುಕಿನಲ್ಲೇ ಬಂದು ನಲ್ಲಿಯಿಂದ ಮೂತ್ರಿಯವರೆಗೆ ತಾವೇ ಹೆಜ್ಜೆ ಹಾಕಿ ಅಳೆದರು. ಆಮೇಲೆ ನನ್ನನ್ನು ಕರೆದು ಬಾಗಿಲು ಹಾಕಿಸಿ, ಆ ಕೋಟು ಎಲ್ಲಿದೆ ಎಂದು ಮೆಲ್ಲಗೆ ಕೇಳಿದರು. ಅವರಿಗೆ ಅದು ಅಳತೆ ಮಾಡಿ ಹೊಲಿಸಿದಂತೆ ಕೂತಿತು.

ಅದೇ ವರ್ಷ ಯಾದಗಿರಿಯ ಆಪರೇಟರ್ ಕೆಲಸ ಬಿಟ್ಟು ಊರಿಗೆ ಹೊರಟ. ಊರಲ್ಲಿ ಗಿರಣಿ ಹಾಕುವವನಿದ್ದ, ಮಗಳು ಆಗ ಶಾಲೆಗೆ ಹೋಗುತ್ತಿದ್ದಳು. ಬೂಟು, ಕನ್ನಡಕ, ಬೀಗದ ಕೈ ಎಲ್ಲ ವಾಪಸ್ ಕೊಟ್ಟು, ಟ್ರಂಕು ಹಿಡಿದು ಗೇಟಿಗೆ ಬಂದ. ನಾನೂ ಕಳಿಸಲು ಹೋಗಿದ್ದೆ. ವಾಚ್‌ಮನ್ ಟ್ರಂಕು ತಪಾಸಣೆ ಮಾಡಿದ, ಕಿಸೆ ಮುಟ್ಟಿ ನೋಡಿದ, ಆದರೆ ಗೇಟು ತೆಗೆಯಲಿಲ್ಲ. ಆಪರೇಟರನ ಎರಡೂ ಕೈ ಹಿಡಿದು ನನಗೆ ತೋರಿಸಿದ.

“ಇಲ್ಲಿಂದ ಏನ್ ಹೊರಗ ಹೋದ್ರೂ ಗೇಟ್ ಪಾಸ್ ಬೇಕ್ರಿ ಸಾಹೇಬ್ರ. ಇವನು ಹತ್ತ ಬೆರಳು ಒಯ್ಯಾಕತ್ತಾನ. ಆ ಪ್ರೆಸ್ಸಿನ ಮ್ಯಾಲಿಂದ ಹಿಂಗ ಪೂರಾ ಹೋದದ್ದು ನಾ ನೋಡೇ ಇಲ್ಲ. ನನ್ನವೇ ಎರಡು ಒಳಗ ಉಳದಾವ.”

ಅವನ ಮುಖದಲ್ಲಿ ನಗುವಿರಲಿಲ್ಲ. ನಾನೂ ನಗಲಿಲ್ಲ, ಪಾಸಿನ ಪುಸ್ತಕ ತರಿಸಿದೆ. ಸಾಮಾನು ಅನ್ನುವಲ್ಲಿ ‘ಬೆರಳು’ ಎಂದು ಬರೆದೆ, ಎಷ್ಟು ನಗ ಅನ್ನುವಲ್ಲಿ ‘ಹತ್ತು’. ವಾಪಸ್ ಬರತಕ್ಕದ್ದೇ ಅನ್ನುವಲ್ಲಿ ‘ಇಲ್ಲ’ ಎಂದು ಬರೆದು, ಕೆಳಗೆ ಮ್ಯಾನೇಜರ್ ಅಂತ ಸಹಿ ಹಾಕಿದೆ. ಹದಿನೇಳು ವರ್ಷದಲ್ಲಿ ಮ್ಯಾನೇಜರನೆಂದು ನಾನು ಖುಷಿಯಿಂದ ಹಾಕಿದ ಸಹಿ ಅದೊಂದೇ. ವಾಚ್‌ಮನ್ ಪಾಸು ಓದಿ, ಕಾನೂನಿನಂತೆ ಬೆರಳು ಒಂದೊಂದಾಗಿ ಎಣಿಸಿ, ಎರಡು ಸಲ ಗಂಟೆ ಬಾರಿಸಿ ಗೇಟು ತೆಗೆದ.