ತಟ್ಟೆಯಗಲದ ಹೊಳಪು

ಸಂಸಾರದಲ್ಲಿ ಯಾವ ವಸ್ತುವೇ ಇರಲಿ, ಅದನ್ನು ಬಳಸುವವರು ಒಬ್ಬರು, ತಿಕ್ಕುವವರು ಇನ್ನೊಬ್ಬರು. ಹಿತ್ತಾಳೆ ಚೊಂಬಿನಿಂದ ಹಿಡಿದು ಕಾರಿನವರೆಗೆ ಈ ನಿಯಮಕ್ಕೆ ಅಪವಾದವನ್ನು ನಾನು ಕಂಡಿಲ್ಲ. ನಮ್ಮನೆಯ ಕಪ್ಪು ಕಾರು ನನ್ನ ಹೆಂಡತಿ ಜಯಮ್ಮನದು. ಅವಳು ಹೊಳವನಹಳ್ಳಿ ಶಾಲೆಯಲ್ಲಿ ಮೇಡಂ. ಮಧುಗಿರಿಯಿಂದ ದಿನವೂ ತಾನೇ ಓಡಿಸಿಕೊಂಡು ಹೋಗುತ್ತಾಳೆ. ಪೇಟೆಯಲ್ಲಿ ಪೆನ್ನು ಪುಸ್ತಕ ಮಾರಿಕೊಂಡಿರುವ ನನಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯಲು ಹೋದ ಮೊದಲ ದಿನವೇ ಒಬ್ಬರ ಹುಲ್ಲಿನ ಬಣವೆಯೊಳಕ್ಕೆ ನುಗ್ಗಿಸಿದ್ದೆ. ಬಣವೆಯ ಯಜಮಾನ ಸಿಟ್ಟಾಗಲಿಲ್ಲ. "ಅಲ್ಲ ಸಾಮಿ, ನಮ್ಮ ಎಮ್ಮೆನೂ ಹೊರಗಡೆ ನಿಂತ್ಕಂಡು ತಿಂತದೆ ಕಣ್ರೀ" ಅಂದ. ಆ ವಿದ್ಯೆಯನ್ನು ಅಲ್ಲಿಗೇ ಬಿಟ್ಟೆ.

ಹೀಗಾಗಿ ನನ್ನ ಪಾಲಿಗೆ ಉಳಿದದ್ದು ಕಾರು ತೊಳೆಯುವ ಹಕ್ಕು. ಇದನ್ನು ಯಾರೂ ಹಗುರವಾಗಿ ಎಣಿಸಬಾರದು. ಬೆಳಿಗ್ಗೆ ಬಕೆಟ್ಟು ಹಿಡಿದು ಬೀದಿಯಲ್ಲಿ ನಿಂತರೆ ಹೋಗುವವರು "ಏನಣ್ಣ, ಕಾರು ತಗಂಡ್ಯಾ?" ಎನ್ನುತ್ತಾರೆ. ನಾನು "ಹ್ಞೂಂ" ಎನ್ನುತ್ತೇನೆ. ಯಾರದೆಂದು ಅವರು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಆದರೆ ನಮ್ಮ ಬೀದಿಯ ಬೋರ್‌ವೆಲ್ ನೀರಿನಲ್ಲಿ ಬೇಳೆಯೇ ಬೇಯುವುದಿಲ್ಲ. ಆ ನೀರು ಬಿಸಿಲಲ್ಲಿ ಒಣಗಿ ಒಣಗಿ ಬಾನೆಟ್ಟಿನ ಮೇಲೆಲ್ಲ ಬಿಳಿ ಚುಕ್ಕೆ ಎದ್ದಿತು. ಜಯಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಕಾರಿಗೆ ಸಿಡುಬು ಬಂದಂಗೈತಲ್ರೀ! ಭಾನುವಾರ ಪಾವಗಡದಿಂದ ಅಮ್ಮ ಬರ್ತಾವ್ಳೆ. 'ಹೆಂಗಸಿಗ್ಯಾಕೆ ಕಾರು' ಅಂದೋಳು ಅವ್ಳು. ಈ ಬಾನೆಟ್ಟಲ್ಲಿ ಅವಳ ಮುಖ ಅವಳಿಗೆ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ಇನ್ಮೇಲೆ ನೀವು ಬಕೆಟ್ ಮುಟ್ಬೇಡಿ. ವಾಟರ್ ಸರ್ವೀಸಿಗೆ ಬುಟ್ಬುಡ್ತೀನಿ."

ಇದ್ದ ಒಂದು ಹಕ್ಕಿಗೂ ಕುತ್ತು ಬಂತು. ಮರುದಿನವೇ ಶಿರಾದ ಬಸ್ಸು ಹತ್ತಿದೆ. ಅಲ್ಲಿ ಕಾರಿನ ಸಾಮಾನು ಮಾರುವ ಬಾಷಾ ನನಗೆ ಹಳೆಯ ಪರಿಚಯ. ಮಾತು ಮಾರಿ ಮಿಕ್ಕ ಹೊತ್ತಿನಲ್ಲಿ ಸಾಮಾನು ಮಾರುವ ಮನುಷ್ಯ. ಅವನ ಅಂಗಡಿಯಲ್ಲಿ ಪಾಲಿಶ್ ಪ್ಯಾಡುಗಳನ್ನು ಒಬ್ಬಟ್ಟಿನ ಹಾಗೆ ಒಂದರ ಮೇಲೊಂದು ಪೇರಿಸಿದ್ದರು: ಹಳದಿ, ಕಪ್ಪು, ಕುರಿಮರಿಯ ಹಾಗೆ ಬೆಳ್ಳಗೆ ಜೊಂಪೆಜೊಂಪೆಯಾದದ್ದು. ನಾನು ಒಂದೊಂದನ್ನೂ ಒತ್ತಿ, ಕೆನ್ನೆಗೆ ಉಜ್ಜಿ ನೋಡಿದೆ.

"ಕೆನ್ನೆಗಲ್ಲ ಅಣ್ಣಾ, ಕಾರಿಗೆ" ಎಂದ ಬಾಷಾ. "ನೋಡಿ, ಈ ಕಪ್ಪು ಸ್ಪಂಜು ಮೆತ್ತಂದು, ಕೊನೇ ಹೊಳಪಿಗೆ. ಹಳದಿ ಅದ್ಕಿಂತ ಗಟ್ಟಿ, ಗೆರೆ ತೆಗೀತದೆ. ಉಣ್ಣೆದು ಐತಲ್ಲ, ಅದು ಬಲ್ ಜೋರು, ಚುಕ್ಕೆ ಗಿಕ್ಕೆ ಎಲ್ಲಾ ಕತ್ತರಿಸ್ಬುಡ್ತದೆ. ಮೊದ್ಲು ಮೆತ್ತಂದ್ರಲ್ಲಿ ನೋಡ್ಬೇಕು, ಹೋಗ್ಲಿಲ್ಲ ಅಂದ್ರೆ ಗಟ್ಟೀದು, ಉಣ್ಣೆ ಆಖರಿ. ಮನೇಲಿ ಬೈಯೋವಾಗ ಅಮ್ಮ ಮೊದ್ಲು, ಅಪ್ಪ ಆಮೇಲೆ, ಹಂಗೆ."

"ಇದರಿಂದ ಹೊಳಪು ಹತ್ತೋದು ಹೆಂಗೆ?" ಎಂದೆ.

"ಹತ್ತೋದೇ ಇಲ್ಲ! ಬಣ್ಣದ ಮೇಲಿನ ಪೊರೆ ಒಂಚೂರು ಸವೀತದೆ. ನುಣ್ಣಗಾದ್ರೆ ಬೆಳಕು ನೆಟ್ಟಗೆ ವಾಪಸ್ ಬರ್ತದೆ. ಅದೇ ಹೊಳಪು."

ಈ ಮಾತು ನನ್ನನ್ನು ಬಸ್ಸಿನುದ್ದಕ್ಕೂ ಕಾಡಿತು. ಅಂದರೆ ಹೊಳಪು ಎಂಬುದು ಬಂದು ಸೇರುವ ವಸ್ತುವಲ್ಲ. ಇದ್ದದ್ದು ಸವೆದಾಗ ಕಾಣುವುದು! ನಮ್ಮಜ್ಜಿಯ ಹಿತ್ತಾಳೆ ಚೊಂಬು ನೆನಪಾಯಿತು. ಅವಳು ಹುಣಸೇಹಣ್ಣು ಹಾಕಿ ತಿಕ್ಕಿ ತಿಕ್ಕಿ, ಅದು ಕೊನೆಗೆ ಊರಿಗೆಲ್ಲ ಹೊಳೆಯುವ, ನೀರು ಮಾತ್ರ ನಿಲ್ಲದ ಚೊಂಬಾಗಿತ್ತು. ನನ್ನ ನೆತ್ತಿಯೂ ಇತ್ತೀಚೆಗೆ ಹೊಳೆಯುತ್ತಿರುವುದರ ಗುಟ್ಟು ಆಗ ತಿಳಿಯಿತು.

ಪ್ಯಾಡನ್ನು ಗಿರ್ರನೆ ತಿರುಗಿಸಲು ಬಾಷಾ ಕೊಟ್ಟ ಹಳೆಯ ಮೆಷಿನ್ನಿಗೆ ಕಪ್ಪು ಸ್ಪಂಜು ಅಂಟಿಸಿ ಶುರುಮಾಡಿದೆ. ಕಾರು ಹೊಳೆಯಿತು; ಕಾರಿನ ಜೊತೆಗೆ ಚುಕ್ಕೆಗಳೂ ಹೊಳೆದವು. ಹಳದಿಯನ್ನು ನಾನು ತಂದಿರಲಿಲ್ಲ. ಉಣ್ಣೆ ಕತ್ತರಿಸುತ್ತದೆ ಎಂಬ ಮಾತು ಕಿವಿಯಲ್ಲಿ ಗುಂಯ್ಗುಟ್ಟಿತು. ಕುರಿಮಂದೆ ದಾಟದೆ ಬಸ್ಸು ಮುಂದಕ್ಕೆ ಹೋಗದ ಸೀಮೆಯಲ್ಲಿ ಹುಟ್ಟಿ ಉಣ್ಣೆಯನ್ನು ಅಂಗಡಿಯಲ್ಲಿ ಕೊಳ್ಳುವುದೇ? ಮದುವೆಯಲ್ಲಿ ಅತ್ತೆ ಹೊದಿಸಿ ಕಳಿಸಿದ್ದ ಕರಿ ಕಂಬಳಿ ಪೆಟ್ಟಿಗೆಯಲ್ಲಿತ್ತು. ಕತ್ತರಿ ತೆಗೆದುಕೊಂಡೆ. ಕಂಬಳಿಯ ಮೂಲೆಗೆ ಹಾಕುವಷ್ಟರಲ್ಲಿ ಅಜ್ಜಿಯ ಮಾತು ಕೈ ಹಿಡಿಯಿತು: "ಕಂಬಳಿ ಅಂಚಿಗೆ ಕತ್ತರಿ ಹಾಕ್ಬಾರ್ದು ಕಣ್ಲಾ, ದೇವ್ರ ಗದ್ದಿಗೆಗೆ ಹಾಸೋದು." ಹಿರಿಯರ ಮಾತು ಮೀರುವವನಲ್ಲ ನಾನು. ಅಂಚಿನ ಗೌರವ ಕಾಪಾಡಿ, ತಿಂಡಿ ತಟ್ಟೆ ಮಗುಚಿಟ್ಟು, ನಟ್ಟನಡುವೆ ದುಂಡಗೆ ಕತ್ತರಿಸಿದೆ.

ಮೆಷಿನ್ನಿಗೆ ಅದು ಹುಟ್ಟುವಾಗಲೇ ಅಂಟಿಕೊಂಡಿತ್ತೇನೋ ಎಂಬಂತೆ ಕೂತಿತು. ಚುಕ್ಕೆಗಳು ಮಾಯವಾದವು. ಆದರೆ ಅವುಗಳ ಜಾಗದಲ್ಲಿ ಜಿಲೇಬಿ ಹುಯ್ದ ಹಾಗೆ ಸುತ್ತು ಸುತ್ತು ಗೀರುಗಳು ಎದ್ದವು. ಕಂಬಳಿಗೆ ನೇಕಾರರು ಹುಣಸೇಬೀಜದ ಗಂಜಿ ಹಾಕಿ ಬಿರುಸು ಮಾಡುತ್ತಾರೆಂಬುದು ನೆನಪಾದದ್ದು ಆಮೇಲೆ. ಬಾಷಾನಿಗೆ ಫೋನು ಮಾಡಿದೆ.

"ಯಾ ಅಲ್ಲಾ! ಕಂಬ್ಳಿನಾ? ಅಣ್ಣಾ, ಕುರೀನೇ ಹಿಡ್ಕಂಡು ಉಜ್ಜಿದ್ರೂ ಇಷ್ಟು ಗೀರು ಬೀಳ್ತಿರ್ಲಿಲ್ಲ!" ಎಂದು ಹೊಟ್ಟೆ ತುಂಬ ನಕ್ಕು, ಹಳದಿ ಪ್ಯಾಡನ್ನು ಮಧುಗಿರಿ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸಿದ.

ಶಾಲೆಯಿಂದ ಬಂದ ಜಯಮ್ಮ ಬಾನೆಟ್ಟು ನೋಡಿದಳು, ಕಂಬಳಿ ನೋಡಿದಳು, ನನ್ನನ್ನು ನೋಡಿದಳು. ಮಾತಾಡಲಿಲ್ಲ. ಬೈಗುಳದಲ್ಲೂ ಮೆತ್ತಂದು, ಗಟ್ಟಿದು ಇರುತ್ತದೆಂದು ಬಾಷಾ ಹೇಳಿದ್ದನಲ್ಲ, ಮೌನ ಉಣ್ಣೆಯದು. ಶನಿವಾರ ಪೂರ್ತಿ ಬೇವಿನ ಮರದ ನೆರಳಲ್ಲಿ ಹಳದಿಯಲ್ಲಿ ಉಜ್ಜಿದೆ, ಕಪ್ಪಿನಲ್ಲಿ ಸವರಿದೆ. ಜಿಲೇಬಿಗಳು ಒಂದೊಂದಾಗಿ ಕರಗಿದವು.

ಭಾನುವಾರ ಅತ್ತೆ ಬಂದರು. ಜಯಮ್ಮ ಬಸ್‌ಸ್ಟ್ಯಾಂಡಿಗೇ ಹೋಗಿ ಕಾರಿನಲ್ಲಿ ಕರೆತಂದಳು. ಇಳಿದವರು ಬಾನೆಟ್ಟಿನ ಮುಂದೆ ನಿಂತರು. ಅವರು ಬಗ್ಗಿ, ಹಣೆಯ ಕುಂಕುಮ ಸರಿಮಾಡಿಕೊಂಡು, "ಬಾಗುಂದಿ ಕಣಮ್ಮ" ಎಂದು ಪಾವಗಡದ ತೆಲುಗು ಬೆರೆಸಿ ಮೆಚ್ಚಿದರು. ಜಯಮ್ಮನ ಮುಖ ಬಾನೆಟ್ಟಿಗಿಂತ ಹೊಳೆಯಿತು. ನನ್ನ ಬಕೆಟ್ಟು ನನಗೆ ಉಳಿಯಿತು.

ಸಂಜೆ ಬೆಟ್ಟದ ಕಡೆಯಿಂದ ಗಾಳಿ ಬೀಸಿತು. "ನಾನು ಕೊಟ್ಟ ಕಂಬ್ಳಿ ತತ್ತಾರಮ್ಮ, ಚಳಿ ಆಗ್ತೈತೆ" ಎಂದರು ಅತ್ತೆ. ಜಯಮ್ಮ ನನ್ನನ್ನು ಒಮ್ಮೆ ನೋಡಿ, ನಿಧಾನವಾಗಿ ಕಂಬಳಿ ತಂದು ಬಿಚ್ಚಿದಳು. ಅತ್ತೆ ಆ ತೂತಿನಿಂದ ಅಳಿಯನಾದ ನನ್ನನ್ನು ಇಣುಕಿ ನೋಡಿದರು.

"ಏಮಯ್ಯಾ ಅಲ್ಲುಡೂ, ಕಂಬ್ಳಿಗೆ ಕಿಟಕಿ ಇಡಿಸ್ಬುಟ್ಟಿದೀಯಾ?"

"ಅಮ್ಮಾ, ನಿನ್ ಮುಖ ಕಾಣ್ತಲ್ಲ ಕಾರಲ್ಲಿ, ಈ ಕಿಟಕಿಯಿಂದಾನೇ ಕಂಡಿದ್ದು" ಎಂದಳು ಜಯಮ್ಮ. ಅವಳು ನನ್ನ ಪರವಾಗಿ ಆಡಿದ ಮಾತೋ ಅಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.

ಅತ್ತೆ ಎದ್ದು ಬಂದು ಆ ತೂತನ್ನು ನನ್ನ ತಲೆಯ ಮೇಲಿಂದ ಇಳಿಸಿದರು. ಅಳತೆ ಕೊಟ್ಟು ಹೊಲಿಸಿದಂತೆ ಕತ್ತಿಗೆ ಕೂತಿತು. ಈಗ ಮಾಗಿ ಚಳಿಯಲ್ಲಿ ಅದನ್ನು ತೊಟ್ಟೇ ಕಾರು ತೊಳೆಯುತ್ತೇನೆ. ಹೋಗುವವರು ಕಾರಿನ ಸುದ್ದಿಯನ್ನು ಮರೆತೇಬಿಟ್ಟಿದ್ದಾರೆ. "ಅಣ್ಣ, ಆ ಅಂಗಿ ಎಲ್ಲಿ ಹೊಲಿಸ್ದೆ?" ಎಂದು ಕೇಳುತ್ತಾರೆ. ಬಾನೆಟ್ಟಿನೊಳಗೆ ಕಾಣುವ ಆ ಕಂಬಳಿಯವನನ್ನು ನೋಡುತ್ತ, ಅಂಗಿಯಾದರೂ ನನ್ನದೇ ಎಂದು ಈಗ ಧೈರ್ಯವಾಗಿ ಹೇಳುತ್ತೇನೆ.