ಬಿ.ಎ. ಪಾಸು, ರೊಟ್ಟಿ ನಪಾಸು

ನಿವೃತ್ತಿಯಾದವರಿಗೆ ಪಿಂಚಣಿಗಿಂತ ಮೊದಲು ಬಂದು ಸೇರುವುದು ಉಪದೇಶ. ಹಾವೇರಿಯ ನಮ್ಮ ಕಚೇರಿಯಲ್ಲಿ ನನಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟವರೆಲ್ಲ ಒಂದೇ ಮಾತು ಹೇಳಿದರು: "ಇಷ್ಟ ದಿನ ಮಂದಿ ಸಲುವಾಗಿ ದುಡದ್ರಿ ಮೇಡಂ, ಇನ್ನ ನಿಮ್ಮ ಸಲುವಾಗಿ ಬದುಕ್ರಿ." ಮಾತೇನೋ ಚೆನ್ನಾಗಿತ್ತು. ಆದರೆ ಅದು ಹೇಗೆಂದು ಯಾರೂ ಹೇಳಲಿಲ್ಲ. ಬುಟ್ಟಿಯನ್ನು ತಳದವರೆಗೆ ಹುಡುಕಿದರೂ ಹಣ್ಣು ಬಿಟ್ಟು ಬೇರೇನೂ ಇರಲಿಲ್ಲ. ರಾಣೆಬೆನ್ನೂರಿನ ಮನೆಗೆ ಬಂದು ಮೊದಲು ಯೋಗಕ್ಕೆ ಸೇರಿದೆ. ಉಳಿದ ಆಸನಗಳು ಹೇಗೇ ಇರಲಿ, ಶವಾಸನ ಮಾತ್ರ ನನಗೆ ಹುಟ್ಟಿನಿಂದಲೇ ಬಂದಂತಿತ್ತು. "ಅಕ್ಕಾರ, ಎಲ್ಲಾರೂ ಮನಿಗೆ ಹೋದ್ರು, ಏಳ್ರಿ" ಎಂದು ಕಲಿಸುವ ಹುಡುಗಿ ಎಬ್ಬಿಸಿದ ಮೇಲೆ ಮತ್ತೆ ಆ ಕಡೆ ಹೋಗಲು ಮುಖವಿರಲಿಲ್ಲ. ಬೆಳಗಿನ ವಾಕಿಂಗಿಗೆ ಹೋದರೆ ಅಲ್ಲಿ ಎಲ್ಲರ ಮಾತೂ ಸಕ್ಕರೆ ಕಾಯಿಲೆಯದು. ನನಗೆ ಆ ಕಾಯಿಲೆ ಇಲ್ಲದ್ದರಿಂದ ಮಾತಿನಲ್ಲಿ ಪಾಲು ಸಿಗಲಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಆ ಬಿ.ಎ. ಪದವಿಗೆ ನಾನು ತೆತ್ತದ್ದು ನಿದ್ದೆ, ಬಿಟ್ಟದ್ದು ರೊಟ್ಟಿ. ಬಿಟ್ಟದ್ದು ಎಂದರೆ ತಿನ್ನುವುದನ್ನಲ್ಲ, ಬಡಿಯುವುದನ್ನು. ಬ್ಯಾಡಗಿ ಕಡೆಯ ನಮ್ಮ ಊರಿನಲ್ಲಿ ಹೆಣ್ಣುಮಗು ಮಾತು ಕಲಿತ ಮೇಲೆ ಕಲಿಯುವುದೇ ಜೋಳದ ರೊಟ್ಟಿ. ಆದರೆ ನಾನು ಪುಸ್ತಕ ಹಿಡಿದು ಕೂತರೆ ಅವ್ವ ಅಕ್ಕನಿಗೆ ಹೇಳುತ್ತಿದ್ದಳು: "ಅಕಿನ್ನ ಕರೀಬ್ಯಾಡ ನೀಲವ್ವಾ, ಅಕಿ ಓದಾಕತ್ತಾಳ. ನೀ ಬಾ." ನಾನು ಓದುತ್ತಿದ್ದೆನೋ ಇಲ್ಲವೋ, ಒಲೆಯ ಕಡೆಯಿಂದ ತಪತಪ ಸದ್ದು ಶುರುವಾದ ಕೂಡಲೇ ಪುಸ್ತಕ ಮಾತ್ರ ತೆರೆದಿರುತ್ತಿತ್ತು.

ಅಕ್ಕ ನೀಲವ್ವನನ್ನು ಮೋಟೆಬೆನ್ನೂರಿಗೆ ಕೊಟ್ಟರು. ಮುಂದೆ ನನಗೆ ಹಾವೇರಿಯಲ್ಲಿ ನೌಕರಿಯಾಯಿತು, ರಾಣೆಬೆನ್ನೂರಿನಲ್ಲಿ ಸಂಸಾರವಾಯಿತು. ನನ್ನ ಬಸ್ಸು ದಿನವೂ ಅಕ್ಕನ ಊರಿನ ಮೇಲೆಯೇ ಹಾಯಬೇಕು. ಅನ್ನ, ಸಾರು, ಪಲ್ಯ ಹೇಗೋ ಮಾಡುತ್ತಿದ್ದೆ, ರೊಟ್ಟಿ ಅಕ್ಕನದೇ. ಸೋಮವಾರ ಸಂಜೆ ಬಸ್ಸು ನಿಂತರೆ ಕಿಟಕಿಯ ಕೆಳಗೆ ಅವಳು, ಅವಳ ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿಯ ಗಂಟು. ಒಮ್ಮೆ ಹೊಸ ಕಂಡಕ್ಟರನೊಬ್ಬ "ಏ ಯವ್ವಾ, ಲಗೂ ಕೊಡು, ಇದೇನ್ ರೊಟ್ಟಿ ಗಾಡಿ ಏನು?" ಎಂದ. ಅಕ್ಕ ಬಿಟ್ಟಾಳೆಯೇ? "ನೀ ಏನ್ ರೊಟ್ಟಿ ತಿನ್ನಲಾರದ ಸೀಟಿ ಊದ್ತಿಯೇನೋ ತಮ್ಮಾ?" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಮುಂದಿನ ವಾರ ಗಂಟಿನ ಮೇಲೆ ಅವನಿಗೂ ಎರಡು ರೊಟ್ಟಿ ಇದ್ದವು.

ಇಂಥ ಅಕ್ಕ ನನ್ನ ನಿವೃತ್ತಿಯ ಬೆನ್ನಲ್ಲೇ ಕಣ್ಣಿನ ಆಪರೇಶನ್ ಮಾಡಿಸಿಕೊಂಡು ನಮ್ಮ ಮನೆಯಲ್ಲಿ ಉಳಿದಳು. ಒಲೆಯ ಮುಂದೆ ಕೂಡಬಾರದೆಂದು ಡಾಕ್ಟರು ಹೇಳಿದ್ದರು. ಇಡೀ ಆಯುಷ್ಯ ನನಗೆ ರೊಟ್ಟಿ ಬಡಿದು ಕೊಟ್ಟವಳಿಗೆ ನಾನು ಖಾನಾವಳಿಯ ರೊಟ್ಟಿ ತಂದು ಬಡಿಸಿದೆ. ಅವಳು ಹೆಸರಿಡದೆ ಉಂಡಳು. ನನಗೇ ನಾಚಿಕೆಯಾಯಿತು. ಅವಳು ಊರಿಗೆ ಹೋಗುವುದರೊಳಗೆ ನನ್ನ ಕೈಯಾರೆ ಬಡಿದ ಒಂದು ನೆಟ್ಟಗಿನ ರೊಟ್ಟಿ ಅವಳ ತಾಟಿಗೆ ಬೀಳಬೇಕು ಎಂದು ನಿಶ್ಚಯಿಸಿದೆ. ನನ್ನ ಸಲುವಾಗಿ ಬದುಕುವುದಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು.

ಕುದಿಯುವ ನೀರು ಹಿಟ್ಟಿಗೆ ಸುರಿದು ಕೈ ಹಾಕಿದಾಗ ಮೊದಲು ಬೆಂದದ್ದು ರೊಟ್ಟಿಯಲ್ಲ, ನನ್ನ ಬೆರಳು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಅನ್ನುತ್ತಾರೆ. ನನ್ನದು ಜಾರಿ ನೆಲಕ್ಕೆ ಬಿತ್ತು. ನಮ್ಮ ಕಡೆ ಬಡಿಯುವ ಸದ್ದು ಕೇಳಿಯೇ ಯಾರ ಮನೆಯ ಯಾವ ಸೊಸೆಯ ಕೈ ಎಂದು ಹೇಳುವವರಿದ್ದಾರೆ. ಪಕ್ಕದ ಮನೆಯ ಮುಮ್ತಾಜ್ ಗೋಡೆಯಾಚೆಯಿಂದಲೇ ಕೂಗಿದಳು: "ಬಾಯಾರ, ಗ್ವಾಡಿಗೆ ಮೊಳಿ ಹೊಡ್ಯಾಕತ್ತೀರೇನ್ರಿ? ನಮ್ಮ ಕಡೆ ಫೋಟೋ ಅದಾವ್ರಿ, ಸಾವಕಾಶ!" ನಮ್ಮ ಮನೆಯವರು ಮಾತ್ರ ಪಾಪ, ಆದದ್ದನ್ನೆಲ್ಲ ಮಜ್ಜಿಗೆಯಲ್ಲಿ ಕಲಸಿಕೊಂಡು ತಿಂದರು. "ಚಲೋ ಆತು ಬಿಡು, ರೊಟ್ಟಿ ಮುರಿಯೂ ತ್ರಾಸ ತಪ್ತು. ನೀನಾ ಮುರದು ಕೊಡ್ತಿ" ಎಂದರು. ಕೆಲವು ದಿನಗಳಾದ ಮೇಲೆ ಅವರ ದನಿ ಬದಲಾಯಿತು: "ನಾವಿಬ್ರೂ ರಿಟೈರ್ ಆಗೇವಿ. ನನ್ನ ಹೊಟ್ಟಿಗೆ ರಿಟೈರ್ಮೆಂಟ್ ಯಾವಾಗ?"

ಅಕ್ಕ ಹೊರಡುವ ದಿನ ಬೆಳಿಗ್ಗೆ, ಏನಾಯಿತೋ, ಕೈ ತಾನಾಗಿ ತಿರುಗಿತು. ಉಂಡೆ ಅಗಲವಾಯಿತು, ಅಂಚು ಒಡೆಯಲಿಲ್ಲ, ಹಂಚಿನ ಮೇಲೆ ರೊಟ್ಟಿ ಬುಸ್ಸೆಂದು ಉಬ್ಬಿತು. ಅದಕ್ಕಿಂತ ಹೆಚ್ಚು ನಾನು ಉಬ್ಬಿದೆ. ಬದನೆಕಾಯಿ ಎಣಗಾಯಿ, ಬೆಣ್ಣೆ ಜೊತೆ ಮಾಡಿ ಅಕ್ಕನ ಮುಂದಿಟ್ಟೆ. ಅವಳು ಹೊಸ ಕಣ್ಣಿನಿಂದ ರೊಟ್ಟಿಯನ್ನು ತಿರುವಿ ಮುರುವಿ ನೋಡಿದಳು. ಮುರಿದಳು, ಉಂಡಳು, ಒಂದು ಚೂರೂ ಬಿಡಲಿಲ್ಲ. ಮುಖ ಮಾತ್ರ ಸಪ್ಪಗಾಗಿತ್ತು.

"ಯಾಕಕ್ಕಾ, ಚಲೋ ಆಗಿಲ್ಲೇನು?"

"ಆಗೈತಿ. ಚಲೋನಾ ಆಗೈತಿ" ಎಂದು ತಾಟಿನಲ್ಲೇ ಬೆರಳು ಆಡಿಸಿದಳು. "ಆದ್ರ ಊರಾಗ ನಾ ಇನ್ನ ಏನ್ ಹೇಳ್ಲಿ? ನನ್ನ ತಂಗಿಗೆ ಒಂದ್ ರೊಟ್ಟಿ ಬಡ್ಯಾಕ ಬರೂದಿಲ್ಲ, ಅಷ್ಟ ಓದ್ಯಾಳ ಅಂತ ಹೇಳ್ಕೊಂತ ತಿರುಗೇನಿ. ರೊಟ್ಟಿ ಎಲ್ಲಾರಿಗೂ ಬರ್ತೈತಿ ತಂಗೀ. ಬರಲಾರದಕ್ಕ ಹಣೆಬರಾ ಬೇಕು."

ನಾನು ಒಲೆಯ ಕಡೆ ತಿರುಗಿದೆ. ಬಸ್ ನಿಲ್ದಾಣದಲ್ಲಿ ಅವಳು ಗಂಟು ಹಿಡಿದು ನಿಲ್ಲುತ್ತಿದ್ದದ್ದು ನನಗೆ ರೊಟ್ಟಿ ಬರುವುದಿಲ್ಲವೆಂದು ಮರುಗಿ ಎಂದುಕೊಂಡಿದ್ದೆ. ಅವಳು ಅಲ್ಲಿ ನಿಲ್ಲುತ್ತಿದ್ದದ್ದು ಬಸ್ಸಿನ ಮಂದಿಗೆಲ್ಲ ನನ್ನನ್ನು ತೋರಿಸಲು! ಆ ಗುಂಗಿನಲ್ಲಿ ಎರಡನೆಯ ರೊಟ್ಟಿ ಬಡಿದೆ. ಎತ್ತುವಾಗ ನಡುವೆಯೇ ಹರಿಯಿತು. ಅರ್ಧ ಹಂಚಿನ ಮೇಲೆ, ಅರ್ಧ ಕೈಯಲ್ಲಿ. ಹಿಂದಿನಿಂದ ಅಕ್ಕನ ನಗು ಕೇಳಿಸಿತು. "ಹಾಂ! ಇದು ನೋಡು ನಮ್ಮ ಬಿ.ಎ.! ಎರಡೂ ತುಂಡು ಬೇಸಿ ಕಟ್ಟಿ ಕೊಡು. ಊರಿಗೆ ಒಯ್ತೇನಿ, ಸಾಕ್ಷಿಗೆ."

ಹೀಗೆ ಜೀವನದಲ್ಲಿ ಮೊದಲ ಸಲ ಬಸ್ಸಿನ ಕಿಟಕಿಯ ಕೆಳಗೆ ನಾನು ನಿಂತೆ, ಬಿಳಿ ಬಟ್ಟೆಯ ಗಂಟನ್ನು ಮೇಲೆ ಕೊಟ್ಟೆ. ನನ್ನ ಪದವಿಯ ಒಂದು ಪ್ರಮಾಣಪತ್ರ ಪಡಸಾಲೆಯ ಗೋಡೆಯ ಮೇಲಿದೆ. ಇನ್ನೊಂದು ಅಕ್ಕನ ತೊಡೆಯ ಮೇಲೆ ಕೂತು ಮೋಟೆಬೆನ್ನೂರಿಗೆ ಹೋಯಿತು. ಯಾವುದಕ್ಕೆ ಹೆಚ್ಚು ಬೆಲೆ ಎಂದು ನನ್ನನ್ನು ಕೇಳಬೇಡಿ.

ರೊಟ್ಟಿಯನ್ನು ಈಗಲೂ ದಿನಾ ಬಡಿಯುತ್ತೇನೆ. ಮೊನ್ನೆ ಅಕ್ಕ ಫೋನಿನಲ್ಲಿ ತುಸು ಆತಂಕದಿಂದಲೇ ಕೇಳಿದಳು: "ಹೆಂಗ ಆಗಾಕತ್ತಾವ ರೊಟ್ಟಿ?" "ಹರ್‍ಯಾಕತ್ತಾವ ಅಕ್ಕಾ" ಎಂದೆ. ಅವಳು ಸಮಾಧಾನದ ಉಸಿರು ಬಿಟ್ಟಳು. ಅವಳ ಖುಷಿಗಾಗಿ ಬೇಕಾದರೆ ಸುಳ್ಳನ್ನೂ ಹೇಳಲು ನಾನು ಸಿದ್ಧಳಿದ್ದೇನೆ. ಅಂಥ ಪ್ರಸಂಗ ಮಾತ್ರ ಇನ್ನೂ ಬಂದಿಲ್ಲ.